ಹ್ಯಾಂಡಲ್ ಬ್ಯಾಗಿನಲ್ಲಿ ಚರ್ಚಿನ ಕೀಲಿ

ರೊಮೇನಿಯಾದ ಟ್ರಾನ್ಸಿಲ್ವೇನಿಯಾಕ್ಕೆ ಸೈಕಲ್ ತುಳಿಯಲು ಹೊರಟಿದ್ದೇನೆ ಅಂದಾಗ ಆಫೀಸಿನಲ್ಲಿ ಎಲ್ಲರೂ ಡ್ರಾಕುಲಾನ ಬಗ್ಗೆಯೇ ಕೇಳಿದರು. ನನಗೆ ಬೇಕಾಗಿದ್ದದ್ದು ಲಾರಿ ಇಲ್ಲದ ರಸ್ತೆ, ಅಷ್ಟೇ. ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿ ಏಳು ವರ್ಷದಿಂದ ಇದ್ದೇನೆ. ಇಲ್ಲಿ ಸೈಕಲ್ ದಾರಿಗಳಿಗೇನೂ ಕೊರತೆಯಿಲ್ಲ. ಆದರೆ ಭಾನುವಾರ ಬಂತೆಂದರೆ ಆ ದಾರಿಯಲ್ಲೂ ನಮ್ಮೂರ ಜಾತ್ರೆಯಷ್ಟು ಜನ.

ಊರನ್ನು ಸೂಚಿಸಿದ್ದು ಜೊತೆಗೆ ಕೆಲಸ ಮಾಡುವ ಒಬ್ಬರು. ಅವರ ಅಜ್ಜ-ಅಜ್ಜಿ ರೊಮೇನಿಯಾದ ಸ್ಯಾಕ್ಸನ್ನರು. ಹನ್ನೆರಡನೇ ಶತಮಾನದಲ್ಲಿ ಹಂಗೇರಿಯ ರಾಜ ಎರಡನೇ ಗೇಜಾ ಗಡಿ ಕಾಯಲು, ಹೊಲ ಮಾಡಲು ಜರ್ಮನ್ ಮಾತಾಡುವ ಜನರನ್ನು ಕರೆಸಿ ಈ ಗುಡ್ಡಗಳಲ್ಲಿ ನೆಲೆ ಕೊಟ್ಟ. 1241ರಲ್ಲಿ ಮಂಗೋಲರು ಬಂದು ಸುಟ್ಟು ಹೋದರು. ಆಮೇಲೆ ಒಟ್ಟೋಮನ್ ತುರ್ಕರ ದಾಳಿ. ಊರಿಗೊಂದು ಕೋಟೆ ಕಟ್ಟುವಷ್ಟು ದುಡ್ಡು ರೈತರ ಹತ್ತಿರ ಎಲ್ಲಿಂದ ಬರಬೇಕು? ಊರಲ್ಲಿ ಗಟ್ಟಿಯಾಗಿದ್ದ ಕಟ್ಟಡ ಚರ್ಚ್ ಒಂದೇ. ಅದರ ಸುತ್ತ ಗೋಡೆ ಎಬ್ಬಿಸಿದರು, ಗೋಪುರಕ್ಕೆ ಬಾಣದ ಕಿಂಡಿ ಇಟ್ಟರು. ಅಂಥ ಸುಮಾರು 150 ಚರ್ಚುಗಳು ಇವತ್ತಿಗೂ ನಿಂತಿವೆ. ಗದಗಿನ ಕಡೆಯವನಾದ ನನಗೆ ಇದು ತಟ್ಟನೆ ಅರ್ಥವಾಯಿತು. ನಮ್ಮ ಕಡೆ ಹಳೆಯ ಊರುಗಳಲ್ಲಿ ಹುಡೇವು, ಅಂದರೆ ಊರ ಕಾವಲಿನ ಬುರುಜು, ಇರುತ್ತವಲ್ಲ, ಅದೇ ಲೆಕ್ಕ.

ಮೇ ಕೊನೆಯ ವಾರ ಬ್ರಶೋವ್‌ನಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಸಿಗಿಶ್ವಾರಾಕ್ಕೆ ಬಂದಿಳಿದೆ. 40 ಮಿಲಿಮೀಟರ್ ಅಗಲದ ಟೈರು, ಎರಡು ಟ್ಯೂಬು, ಒಂದು ಪಂಪು, ಎರಡು ಬಾಟಲಿ ನೀರು, ಕೈಯಲ್ಲಿ ಒಂದಿಷ್ಟು ಚಿಲ್ಲರೆ ಲೇ, ಅಂದರೆ ರೊಮೇನಿಯಾದ ದುಡ್ಡು. ಚಿಲ್ಲರೆ ಯಾಕೆ ಅಂತ ಆಮೇಲೆ ಹೇಳ್ತೀನಿ.

ರಸ್ತೆ ಆರಿಸಿದ್ದು ಹೇಗೆ ಅಂದರೆ, ರೊಮೇನಿಯಾದ ನಕ್ಷೆಯಲ್ಲಿ ಡಿಎನ್ ಎಂದಿದ್ದರೆ ರಾಷ್ಟ್ರೀಯ ರಸ್ತೆ, ಡಿಜೆ ಎಂದರೆ ಜಿಲ್ಲಾ ರಸ್ತೆ, ಡಿಸಿ ಎಂದರೆ ಹಳ್ಳಿ ರಸ್ತೆ. ಡಿಎನ್ ಕಂಡರೆ ದೂರ. ಇಷ್ಟು ಯಾರಾದರೂ ಹೇಳುತ್ತಾರೆ. ನಾನು ಅದಕ್ಕೊಂದು ಸೇರಿಸಿಕೊಂಡೆ: ಮುಂದೆ ಡಾಂಬರು ಇಲ್ಲದ ಊರು ಹುಡುಕು. ಇಲ್ಲಿನ ಸ್ಯಾಕ್ಸನ್ ಹಳ್ಳಿಗಳು ಮುಖ್ಯ ಕಣಿವೆಯಿಂದ ಒಳಕ್ಕೆ ಹೋದ ಸಣ್ಣ ಸಣ್ಣ ಕಣಿವೆಗಳಲ್ಲಿವೆ. ಎಷ್ಟೋ ಕಡೆ ರಸ್ತೆ ಚರ್ಚಿನ ಮುಂದೆ ಹೋಗಿ ಮುಗಿದೇ ಹೋಗುತ್ತದೆ. ಆಚೆ ಬರೀ ಹುಲ್ಲುಗಾವಲು, ಕಾಡು, ಬಂಡಿ ಜಾಡು. ಮುಂದೆ ಎಲ್ಲಿಗೂ ಹೋಗದ ರಸ್ತೆಗೆ ಲಾರಿ ಯಾಕೆ ಬರುತ್ತದೆ? ಮಲಂಕ್ರಾವ್, ಕೊಪ್ಶಾ ಮಾರೆ, ಮೆಶೆನ್‌ಡೋರ್ಫ್ ಎಲ್ಲವೂ ಹೀಗೆ. ಲಾಸ್ಲೆಯಾದಲ್ಲಿ ತಿರುಗಿ ಮಲಂಕ್ರಾವ್‌ವರೆಗೆ ಹದಿಮೂರು ಕಿಲೋಮೀಟರ್ ತುಳಿದೆ. ಎದುರಿಗೆ ಬಂದದ್ದು ಎರಡು ಕಾರು, ಒಂದು ಕುದುರೆ ಗಾಡಿ. ಗಾಡಿಯವನು ಟೊಪ್ಪಿಗೆ ಎತ್ತಿ ನಮಸ್ಕಾರ ಮಾಡಿದ. ಅಲ್ಲಿನ ಚರ್ಚಿನೊಳಗೆ ಹದಿನಾಲ್ಕನೇ ಶತಮಾನದ ಭಿತ್ತಿಚಿತ್ರಗಳಿವೆ. ಹೋದವರು ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತಾ ನಿಲ್ಲುವುದು ಖಾತ್ರಿ.

ಈ ನಿಯಮವನ್ನು ಮುರಿದದ್ದು ಒಂದೇ ಸಲ. ಸಿಗಿಶ್ವಾರಾದಿಂದ ಸಾಸ್ಕಿಜ್‌ಗೆ ಇಪ್ಪತ್ತು ಕಿಲೋಮೀಟರ್, ಒಂದು ತಾಸಿನಲ್ಲಿ ಮುಗಿಸಿಬಿಡೋಣ ಅಂತ ಹೆದ್ದಾರಿ ಹಿಡಿದೆ. ಅದು ಯುರೋಪಿನ ಇ60 ರಸ್ತೆ. ಬಿಳಿ ಗೆರೆಯ ಆಚೆ ಒಂದು ಮೊಳ ಜಾಗ, ಅದರಾಚೆ ಚರಂಡಿ. ಲಾರಿ ಪಕ್ಕದಲ್ಲಿ ಹಾದು ಹೋದಾಗೆಲ್ಲ ಗಾಳಿ ಮೊದಲು ಒಳಕ್ಕೆ ಎಳೆದು, ಆಮೇಲೆ ಹೊರಕ್ಕೆ ನೂಕುತ್ತಿತ್ತು. ಸಾಸ್ಕಿಜ್‌ನ ಚರ್ಚ್ ನೋಡುವ ಮೊದಲು ಹತ್ತು ನಿಮಿಷ ಅಂಗಡಿ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಇನ್ನೊಮ್ಮೆ ಹೋದರೆ ಈ ಇಪ್ಪತ್ತು ಕಿಲೋಮೀಟರ್ ನಾನಂತೂ ತುಳಿಯಲ್ಲ.

ಬಿಯರ್ತಾನ್‌ನಲ್ಲಿ ಎರಡು ರಾತ್ರಿ ಉಳಿದೆ. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಮೊದಲು ಸೇರಿದ್ದು ಇದೇ ಹಳ್ಳಿ. 1999ರಲ್ಲಿ ಇನ್ನೂ ಆರು ಊರು ಸೇರಿಸಿದರು. ಗುಡ್ಡದ ಮೇಲೆ ಚರ್ಚ್, ಸುತ್ತ ಮೂರು ಸುತ್ತಿನ ಗೋಡೆ. 1572ರಿಂದ 1867ರವರೆಗೆ ಲೂಥರನ್ ಬಿಷಪ್ ಇಲ್ಲೇ ಇದ್ದರು. ಪ್ರವಾಸಿಗಳನ್ನು ಎಲ್ಲರೂ ಒಂದು ಕೋಣೆಗೆ ಕರೆದೊಯ್ಯುತ್ತಾರೆ. ವಿಚ್ಛೇದನ ಬೇಕು ಅಂತ ಬಂದ ಗಂಡ-ಹೆಂಡತಿಯನ್ನು ಅಲ್ಲಿ ಕೂಡಿಹಾಕುತ್ತಿದ್ದರಂತೆ. ಒಂದೇ ಮಂಚ, ಒಂದೇ ತಟ್ಟೆ, ಒಂದೇ ಚಮಚ. ಕೇಳಿ ಎಲ್ಲರೂ ನಗುತ್ತಾರೆ. ಆ ಕೋಣೆಯಲ್ಲಿ ಹೆಂಗಸಿನ ಪಾಡು ಏನಾಗಿರಬೇಡ ಅಂತ ಯೋಚಿಸಿದರೆ ನನಗಂತೂ ನಗು ಬರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬಾಗಿಲು. ಪೂಜೆಯ ಸಾಮಾನು, ಬೆಲೆಬಾಳುವ ವಸ್ತು ಇಡುತ್ತಿದ್ದ ಒಳಕೋಣೆಯದು, 1515ರಲ್ಲಿ ಮಾಡಿದ್ದು. ಎದುರಿನಿಂದ ನೋಡಿದರೆ ಮರದ ತುಂಡುಗಳನ್ನು ಕೂಡಿಸಿ ಮಾಡಿದ ಚಿತ್ತಾರ. ಹಿಂದೆ ಹೋಗಿ ನೋಡಬೇಕು. ಬಾಗಿಲ ತುಂಬ ಕಬ್ಬಿಣದ ಸರಳು, ಸನ್ನೆ, ಕೊಕ್ಕೆ. ನಡುವೆ ಕೀಲಿ ಒಮ್ಮೆ ತಿರುಗಿಸಿದರೆ ಹತ್ತಕ್ಕೂ ಹೆಚ್ಚು ಚಿಲಕಗಳು ನಾಲ್ಕೂ ಕಡೆಗೆ ಒಟ್ಟಿಗೆ ಹೊರಟು ಚೌಕಟ್ಟಿನೊಳಗೆ ಕೂರುತ್ತವೆ. ಎಡಕ್ಕೊಂದು ಸರಳು ಸರಿದರೆ ಅದೇ ಸರಳು ಮೇಲಿನದನ್ನೂ ಎತ್ತುತ್ತದೆ. ಸೈಕಲ್ಲಿನ ಗೇರು ಬಿಚ್ಚಿ ಜೋಡಿಸಿ ಗೊತ್ತಿರುವವನಿಗೆ ಇದಕ್ಕಿಂತ ಚೆಂದದ ನೋಟ ಇಲ್ಲ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಇದನ್ನು ಒಯ್ದಿದ್ದರಂತೆ. ಒಯ್ಯಲೇಬೇಕಿತ್ತು.

ಊಟದ ಮಾತು. ನಾನು ಸಸ್ಯಾಹಾರಿ. ಹಂದಿಮಾಂಸವೇ ಮುಖ್ಯವಾದ ನಾಡಿನಲ್ಲಿ ಹೇಗಪ್ಪಾ ಅಂತ ಹೆದರಿದ್ದೆ. ಕಾಪಾಡಿದ್ದು ಎರಡು ಪದ: ‘ದೆ ಪೋಸ್ತ್’. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಸಸ್ಯಾಹಾರಿ ಅಂದರೆ ಮಿಕಿಮಿಕಿ ನೋಡುವ ಅಜ್ಜಿಯೂ ‘ದೆ ಪೋಸ್ತ್’ ಅಂದ ಕೂಡಲೇ ತಲೆಯಾಡಿಸಿ ಒಳಗೆ ಹೋಗುತ್ತಾಳೆ. ಬದನೆ, ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು ಮಾಡಿದ ಜಕುಸ್ಕಾ ಬಂತು. ಜೊತೆಗೆ ಮಮಲಿಗಾ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನಿ. ಏರು ಹತ್ತಿ ಬಂದವನಿಗೆ ಅದಕ್ಕಿಂತ ಒಳ್ಳೆಯದು ಬೇಕಾ?

ಇನ್ನು ನಾಯಿಗಳು. ಇಲ್ಲಿ ಸೈಕಲ್‌ನವರಿಗೆ ಕರಡಿಗಿಂತ ಜಾಸ್ತಿ ಭಯ ಕುರಿ ಕಾಯುವ ನಾಯಿಯದ್ದು. ಕರಡಿ ಓಡಾಡಿದರೆ ಸರ್ಕಾರವೇ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ನಾಯಿ ಬಂದರೆ ಯಾರು ಕಳಿಸುತ್ತಾರೆ? ಕ್ಲೋಶ್ಟೆರ್ಫ್ ದಾಟಿ ಗುಡ್ಡದ ಜಾಡಿನಲ್ಲಿ ಹೋಗುವಾಗ ನಾಲ್ಕು ನಾಯಿ ಒಟ್ಟಿಗೆ ಬಂದವು. ಜೋರಾಗಿ ತುಳಿದು ಓಡಿಹೋಗಬೇಕು ಅನ್ನಿಸುತ್ತದೆ. ಹಾಗೆ ಮಾಡಬಾರದು, ಓಡುವುದನ್ನು ಕಂಡರೆ ಅವು ಅಟ್ಟಿಸಿಕೊಂಡು ಬರುತ್ತವೆ. ಇಳಿದೆ. ಸೈಕಲ್ಲನ್ನು ನನಗೂ ಅವಕ್ಕೂ ನಡುವೆ ಹಿಡಿದು ನಿಧಾನಕ್ಕೆ ನಡೆದೆ. ಒಂದು ಇನ್ನೂ ಹತ್ತಿರ ಬಂದಾಗ ಅಭ್ಯಾಸಬಲದಿಂದ ಬಗ್ಗಿ ಕಲ್ಲು ಎತ್ತಿಕೊಂಡ ಹಾಗೆ ಮಾಡಿದೆ. ನಮ್ಮೂರ ನಾಯಿಗಳಂತೆಯೇ ಇವೂ ಹಿಂದೆ ಸರಿದವು! ಅಷ್ಟರಲ್ಲಿ ಕುರುಬ ಮೇಲಿನಿಂದ ಸಿಳ್ಳೆ ಹಾಕಿದ.

ಮೆಶೆನ್‌ಡೋರ್ಫ್‌ನಿಂದ ವಿಸ್ಕ್ರಿಗೆ ಗುಡ್ಡದ ಮೇಲಿನ ಮಣ್ಣಿನ ದಾರಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ನಮ್ಮ ಎರೆಹೊಲದ ಮಣ್ಣನ್ನು ನೆನಪಿಸುವ ಜಿಗುಟು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಟೈರಿಗೂ ಫೋರ್ಕಿಗೂ ನಡುವೆ ಮಣ್ಣು ತುಂಬಿ ಚಕ್ರ ನಿಂತೇ ಹೋಯಿತು. ಕಡ್ಡಿಯಲ್ಲಿ ಕೆರೆದೆ, ಮತ್ತೆ ಇನ್ನೂರು ಮೀಟರ್, ಮತ್ತೆ ಕೆರೆತ. ಕೊನೆಗೆ ದಾರಿ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ತಳ್ಳಿಕೊಂಡು ನಡೆದೆ. ಹುಲ್ಲು ತಾನೇ ಟೈರು ಒರೆಸಿತು. ಇದು ಮೊದಲೇ ಹೊಳೆಯಬೇಕಿತ್ತು. ಎಂಟು ಕಿಲೋಮೀಟರಿಗೂ ಕಡಿಮೆ ದಾರಿ ನನಗೆ ಮೂರು ತಾಸು ಹಿಡಿಯಿತು.

ವಿಸ್ಕ್ರಿಯಲ್ಲಿ ನೀಲಿ, ಹಸಿರು ಬಣ್ಣದ ಮನೆಗಳ ಸಾಲು, ಗುಡ್ಡದ ಮೇಲೆ ಬಿಳಿ ಚರ್ಚ್. ಇಂಗ್ಲೆಂಡಿನ ಚಾರ್ಲ್ಸ್ ಯುವರಾಜನಾಗಿದ್ದಾಗ ಇಲ್ಲೊಂದು ಮನೆ ಕೊಂಡಿದ್ದರಿಂದ ಹೆಸರು ದೊಡ್ಡದಾಯಿತು. ಮಧ್ಯಾಹ್ನ ಕಾರುಗಳ ಸಾಲೇ ಇರುತ್ತದೆ. ಸಂಜೆ ಐದಾದ ಮೇಲೆ ಊರು ಊರಿನವರಿಗೆ ವಾಪಸ್. ಕೋಟೆ ಗೋಡೆಯ ಒಳಗೆ ಧಾನ್ಯದ ದೊಡ್ಡ ಮರದ ಪೆಟ್ಟಿಗೆಗಳಿವೆ. ಒಂದು ಗೋಪುರಕ್ಕೆ ಹಂದಿಕೊಬ್ಬಿನ ಗೋಪುರ ಅಂತಲೇ ಹೆಸರು. ಪ್ರತಿ ಮನೆಯವರೂ ತಮ್ಮ ಹಂದಿಕೊಬ್ಬಿನ ತುಂಡನ್ನು ತಂಪಾದ ಆ ಗೋಪುರದಲ್ಲಿ ನೇತು ಹಾಕುತ್ತಿದ್ದರು. ಕೊಕ್ಕೆಗೆ ಕೊಕ್ಕೆ ತಾಗುವಷ್ಟು ಹತ್ತಿರ ನೆರೆಹೊರೆಯವರ ವರ್ಷದ ಊಟ! ಬ್ರಶೋವ್ ಹತ್ತಿರದ ಪ್ರೆಜ್ಮೆರ್‌ನಲ್ಲಂತೂ ಗೋಡೆಯ ಒಳಮೈಗೆ 270ಕ್ಕೂ ಹೆಚ್ಚು ಕೋಣೆಗಳು, ಮನೆಗೊಂದು. ನಾವು ಹಗೇವು ತೋಡಿ ಕಾಳನ್ನು ನೆಲದೊಳಗೆ ಇಟ್ಟೆವು, ಇವರು ಗೋಡೆಯೊಳಗೆ ಇಟ್ಟರು.

ಸಂಜೆ ಊರ ದನಗಳು ಮೇಯ್ದು ಬಂದವು. ಮುಖ್ಯ ಬೀದಿಯಲ್ಲಿ ಒಟ್ಟಿಗೆ ಬಂದು, ಒಂದೊಂದೇ ತನ್ನ ಮನೆಯ ಗೇಟಿನ ಹತ್ತಿರ ತಿರುಗಿ ಒಳಗೆ ಹೋಯಿತು. ವಿಡಿಯೋ ಕಾಲ್ ಮಾಡಿ ಅವ್ವನಿಗೆ ತೋರಿಸಿದೆ. “ಅಲ್ಲೂ ದನಾ ತಮ್ಮ ಮನಿಗೆ ತಾವ ಬರ್ತಾವೇನೋ?” ಅಂದಳು. ಚರ್ಚು, ಕೋಟೆ ಯಾವುದನ್ನೂ ಆಕೆ ಕೇಳಲಿಲ್ಲ. “ಆ ಕೆಂದಾಕಳಾ ಎಷ್ಟ್ ಹಾಲ್ ಕೊಡತೈತಿ, ಕೇಳು” ಅಂತ ಮಾತ್ರ ಹೇಳಿದಳು.

ಈಗ ಚಿಲ್ಲರೆಯ ವಿಷಯಕ್ಕೆ ಬರ್ತೀನಿ. ಹೆಸರಾದ ನಾಲ್ಕಾರು ಊರು ಬಿಟ್ಟರೆ ಉಳಿದ ಕಡೆ ಚರ್ಚಿಗೆ ಬೀಗ. ಕೀಲಿ ಯಾರೋ ಒಬ್ಬರ ಮನೆಯಲ್ಲಿ. ಗೇಟಿಗೆ ಅಂಟಿಸಿದ ಚೀಟಿಯಲ್ಲಿ ಮನೆ ನಂಬರ್ ಇರುತ್ತದೆ, ಹೋಗಿ ಬಾಗಿಲು ತಟ್ಟಬೇಕು. ಪ್ರವೇಶಕ್ಕೆ ಒಂದಿಷ್ಟು ಲೇ ಕೊಡಬೇಕು, ದೊಡ್ಡ ನೋಟಿಗೆ ಅವರ ಹತ್ತಿರ ಚಿಲ್ಲರೆ ಇರುವುದಿಲ್ಲ. ನನ್ನ ದಿನದ ಓಟವನ್ನು ಕಾಲಿಗಿಂತ ಜಾಸ್ತಿ ಈ ಕೀಲಿಗಳೇ ನಿರ್ಧರಿಸಿದವು. ಒಬ್ಬರು ಹೊಲಕ್ಕೆ ಹೋಗಿರುತ್ತಾರೆ, ಇನ್ನೊಬ್ಬರು ಮಲಗಿರುತ್ತಾರೆ. ದಿನಕ್ಕೆ 40 ಕಿಲೋಮೀಟರಿಗಿಂತ ಜಾಸ್ತಿ ಇಟ್ಟುಕೊಂಡರೆ ಗೋಪುರಗಳನ್ನು ಹೊರಗಿನಿಂದಲೇ ನೋಡಿ ಬರಬೇಕಾಗುತ್ತದೆ.

ಕೀಲಿ ಇಟ್ಟುಕೊಂಡವರಲ್ಲಿ ಸ್ಯಾಕ್ಸನ್ನರು ಅಪರೂಪ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲೇ ಪಶ್ಚಿಮ ಜರ್ಮನಿ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಅವರನ್ನು ಬಿಡಿಸಿಕೊಳ್ಳುತ್ತಿತ್ತು. 1989ರ ಕ್ರಾಂತಿಯಾದ ಮೇಲೆ ಒಂದೆರಡು ವರ್ಷದಲ್ಲಿ ಉಳಿದವರಲ್ಲೂ ಬಹುಪಾಲು ಹೊರಟುಬಿಟ್ಟರು. ಎಂಟುನೂರು ವರ್ಷ ಇದ್ದ ಊರುಗಳು. ಆಮೇಲೆ ಚರ್ಚಿನ ಹೆಂಚು ಹೊದಿಸುವವರು ಯಾರು? 2016ರ ಫೆಬ್ರವರಿಯಲ್ಲಿ ರೊಆದೆಶ್ ಮತ್ತು ರೊತ್‌ಬಾವ್ ಎಂಬ ಎರಡು ಹಳ್ಳಿಗಳಲ್ಲಿ ಗೋಪುರಗಳು ಕುಸಿದವು. ಮಂಗೋಲರ, ತುರ್ಕರ ಭಯಕ್ಕೆ ಭದ್ರ ಮಾಡಿದ್ದ ಗೋಪುರಗಳು ಅವು. ನಾನು ಅಷ್ಟು ದೂರದಿಂದ ಹುಡುಕಿಕೊಂಡು ಹೋದ ಸದ್ದಿಲ್ಲದ ರಸ್ತೆ ಸದ್ದಿಲ್ಲದೆ ಇರುವುದಕ್ಕೆ ಇದೂ ಒಂದು ಕಾರಣ ಅಂತ ಮೂರನೇ ದಿನವೇ ಗೊತ್ತಾಗಿತ್ತು. ಗೊತ್ತಾದ ಮೇಲೆ ಕಾರು ಬರದ ರಸ್ತೆಯನ್ನು ಮೊದಲಿನಷ್ಟು ಖುಷಿಯಿಂದ ಎಣಿಸಲು ಆಗಲಿಲ್ಲ.

ಒಂದು ಊರಿನಲ್ಲಿ ಕೀಲಿ ಇದ್ದದ್ದು ಸ್ಯಾಕ್ಸನ್ ಅಜ್ಜಿಯೊಬ್ಬರ ಹತ್ತಿರವೇ. ಊರಿನ ಹೆಸರು ಬೇಡ. ನನ್ನ ಜರ್ಮನ್ ಕೇಳಿ ಅವರಿಗೆ ನಗು, ಅವರ ಹಳೆಯ ಜರ್ಮನ್ ನನಗೆ ಅರ್ಧ ಅರ್ಥ. ಮಂಡಿ ನೋವು, ಗುಡ್ಡ ಹತ್ತಲಾರೆ, ನೀನೇ ತೆಗೆದು ನೋಡಿ ಬಾ ಅಂತ ಕೀಲಿ ಕೊಟ್ಟರು. ಒಂದು ಗೇಣು ಉದ್ದದ ಕಬ್ಬಿಣ. ಹಿಡಿ ಸವೆದು ನುಣ್ಣಗಾಗಿತ್ತು. ಒಳಗೆ ಬೆಂಚುಗಳ ಮೇಲೆ ದೂಳು, ಪ್ರಾರ್ಥನೆ ಪುಸ್ತಕಗಳು ಇಟ್ಟಲ್ಲೇ ಇದ್ದವು. ನೋಡಿ, ಬೀಗ ಹಾಕಿ, ಫೋಟೋ ತೆಗೆಯಲು ಎರಡೂ ಕೈ ಬೇಕೆಂದು ಕೀಲಿಯನ್ನು ಹ್ಯಾಂಡಲ್ ಬ್ಯಾಗಿಗೆ ಹಾಕಿದೆ. ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿಜಾರು ಕಂಡಿತು. ಇಳಿದುಬಿಟ್ಟೆ.

ಹನ್ನೊಂದು ಕಿಲೋಮೀಟರ್ ಆದ ಮೇಲೆ ಬ್ರೆಡ್ಡಿಗೆ ಕೈ ಹಾಕಿದಾಗ ಸಿಕ್ಕಿತು.

ವಾಪಸ್ ಹೋಗುವಾಗ ಆ ಇಳಿಜಾರೇ ಏರು. ಒಂದು ಮುಕ್ಕಾಲು ತಾಸು ಬೇಕಾಯಿತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ವಾಕ್ಯವನ್ನು ಜರ್ಮನ್‌ನಲ್ಲಿ ಜೋಡಿಸುತ್ತಲೇ ಬಂದೆ. ಅಜ್ಜಿ ಮನೆ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಕೀಲಿ ತೆಗೆದುಕೊಂಡು ಏಪ್ರನ್ನಿಗೆ ಒರೆಸಿ, ಬಾಗಿಲ ಹಿಂದಿನ ಮೊಳೆಗೆ ಹಾಕಿ ಬಂದರು. ಕೈಯಲ್ಲಿ ಒಂದು ಲೋಟ ನೀರಿತ್ತು.

“ಗಾಬರಿ ಆಗಬೇಡ ಮಗನೇ,” ಅಂದರು. “ಇವತ್ತು ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ.”