ಇಸವಿಗಳು ನೆನಪಿನಲ್ಲಿ ನಿಲ್ಲಬೇಕಾದರೆ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಇಸವಿಗಳು. ವ್ಯಕ್ತಿಗೆ ಮುಖವಿದೆ, ಘಟನೆಗೆ ಕಥೆಯಿದೆ. ಬರಿಯ ಅಂಕಿಗೆ ಅಂಥದ್ದೇನೂ ಇಲ್ಲದ ಕಾರಣ, ಎಷ್ಟು ಉರು ಹೊಡೆದರೂ ಅದು ಜಾರಿಹೋಗುತ್ತದೆ. ಅಂಕಿಯನ್ನು ಅರ್ಥವುಳ್ಳ ಪದವಾಗಿಸುವ ಕಟಪಯಾದಿ ಪದ್ಧತಿ ನಮ್ಮಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ. ಮೇಚಕಲ್ಯಾಣಿಯ ಮೊದಲೆರಡು ಅಕ್ಷರಗಳಿಂದಲೇ ಅದು 65ನೆಯ ಮೇಳಕರ್ತ ರಾಗವೆಂದು ಹೇಳುವ ಸಂಗೀತಗಾರರು ಬಳಸುವುದು ಇದನ್ನೇ.

ನಿಯಮ ಸರಳವಾಗಿದೆ. ‘ಕ’ದಿಂದ ‘ಝ’ದವರೆಗಿನ ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ‘ಟ’ದಿಂದ ‘ಧ’ದವರೆಗೆ ಮತ್ತೆ 1ರಿಂದ 9, ‘ಪ’ದಿಂದ ‘ಮ’ದವರೆಗೆ 1ರಿಂದ 5, ‘ಯ ರ ಲ ವ ಶ ಷ ಸ ಹ’ಗಳಿಗೆ 1ರಿಂದ 8, ‘ಞ’ ಮತ್ತು ‘ನ’ಗಳಿಗೆ ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರ ಲೆಕ್ಕಕ್ಕಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಒತ್ತಕ್ಷರವಾಗಲಿ ‘ಳ’ಕಾರವಾಗಲಿ ಇಲ್ಲದ ಪದಗಳನ್ನೇ ಆರಿಸಿಕೊಂಡರೆ ಗೊಂದಲವಿರುವುದಿಲ್ಲ.

ಕನ್ನಡದ ಜ್ಞಾನಪೀಠ ಪುರಸ್ಕೃತರನ್ನೇ ತೆಗೆದುಕೊಳ್ಳೋಣ. ಕುವೆಂಪು ಅವರಿಗೆ ಪ್ರಶಸ್ತಿ ಬಂದದ್ದು 1967ರ ಸಾಲಿನಲ್ಲಿ. ‘ಸೀತೆ’ಯಲ್ಲಿ ಸ ಎಂದರೆ 7, ತ ಎಂದರೆ 6, ತಿರುಗಿಸಿದರೆ 67. ಪ್ರಶಸ್ತಿ ತಂದ ಕೃತಿ ‘ಶ್ರೀ ರಾಮಾಯಣ ದರ್ಶನಂ’ ಆದ್ದರಿಂದ ಈ ಪದ ಮತ್ತೆ ಮರೆಯುವಂಥದ್ದಲ್ಲ. 1973ರ ಬೇಂದ್ರೆಯವರಿಗೆ ‘ಗಾಥೆ’ ಹೊಂದುತ್ತದೆ. ಪರಿಸರಕ್ಕಾಗಿ ಹೋರಾಡಿದ ಕಾರಂತರಿಗೆ 1977; ‘ಸಸಿ’ ಎಂದರೆ 77. ಶವಸಂಸ್ಕಾರದ ಪ್ರಶ್ನೆಯನ್ನೇ ಕಾದಂಬರಿಯಾಗಿಸಿದ ಅನಂತಮೂರ್ತಿಯವರಿಗೆ 1994, ಅಂದರೆ ‘ವಿಧಿ’. ಮಾಸ್ತಿ (1983), ಗೋಕಾಕ್ (1990), ಕಾರ್ನಾಡ್ (1998), ಕಂಬಾರ (2010) ಅವರಿಗೆ ಪದಗಳನ್ನು ನೀವೇ ಹುಡುಕಿಕೊಳ್ಳುವುದು ಲೇಸು, ಏಕೆಂದರೆ ತಾನು ಕಟ್ಟಿದ ಪದ ಇನ್ನೊಬ್ಬರು ಕೊಟ್ಟದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಂಬಾರರ 10ಕ್ಕೆ ‘ನಟ’ ಸಲೀಸಾಗಿ ಸಿಗುತ್ತದೆ, ಆದರೆ ಕಾರ್ನಾಡರೂ ನಟರಾಗಿದ್ದರಿಂದ ಅದು ದಾರಿ ತಪ್ಪಿಸುತ್ತದೆ. ಇಬ್ಬರಿಗೂ ಒಪ್ಪುವ ಪದವನ್ನು ಕೈಬಿಡಬೇಕು.

ಪದ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬಹಳಷ್ಟು ಮಂದಿ ಟಿಪ್ಪಣಿಯನ್ನು ಮತ್ತೆ ಮತ್ತೆ ಓದಿ, ಕಣ್ಣಿಗೆ ಪರಿಚಿತವಾದದ್ದನ್ನೇ ಕಲಿತದ್ದೆಂದು ತಿಳಿಯುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಟಿಪ್ಪಣಿ ಇರುವುದಿಲ್ಲವಾದ್ದರಿಂದ, ಅದಿಲ್ಲದೆ ನೆನಪಿಸಿಕೊಳ್ಳುವುದನ್ನೇ ಅಭ್ಯಾಸ ಮಾಡಬೇಕು. ಪುಸ್ತಕ ಮುಚ್ಚಿ, ಹಾಳೆಯಲ್ಲಿ ಎಂಟು ಹೆಸರುಗಳನ್ನು ಕ್ರಮ ತಪ್ಪಿಸಿ ಬರೆದು, ಎದುರಿಗೆ ಇಸವಿಗಳನ್ನು ತುಂಬಿಸಿ. ತಕ್ಷಣ ಹೊಳೆಯದಿದ್ದರೆ ಉತ್ತರ ನೋಡುವ ಮುನ್ನ ಸ್ವಲ್ಪ ತಿಣುಕಾಡಿ. ನೆನಪು ಬಲಿಯುವುದು ಆ ಪ್ರಯಾಸದಲ್ಲಿಯೇ.

ಅಂತರವೂ ಮುಖ್ಯ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿದ್ದು ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಅದೇ ಸಂಜೆ, ಎರಡನೆಯದು ಮರುದಿನ, ಅನಂತರ ಮೂರು ದಿನ, ಒಂದು ವಾರ, ಒಂದು ತಿಂಗಳು ಹೀಗೆ ಬಿಡುವನ್ನು ಹಿಗ್ಗಿಸುತ್ತ ಹೋಗಿ. ತಪ್ಪಿದ ಇಸವಿಯನ್ನು ಮಾತ್ರ ಮರುದಿನದ ಸರದಿಗೆ ಹಿಂದಕ್ಕೆ ತನ್ನಿ. ಎರಡು ಮೂರು ಸಲ ತಪ್ಪಿದರೆ ಅದರ ಪದವನ್ನೇ ಬದಲಿಸಿ.

1947, 1956ರಂತಹ ಇಸವಿಗಳಿಗೆ ಈ ಸಾಹಸ ಬೇಡ. ಈಗಾಗಲೇ ಗೊತ್ತಿರುವುದಕ್ಕೆ ಪದ ಕಟ್ಟುತ್ತ ಕೂರುವುದು ಓದನ್ನು ಮುಂದೂಡುವ ಇನ್ನೊಂದು ನೆಪವಷ್ಟೆ.