ನೀವೇ ಕಟ್ಟಿದ ಕ್ಯಾಂಪರ್ ವ್ಯಾನ್ ಮಾರುವುದು ಹೇಗೆ?

ವ್ಯಾನ್ ಒಳಗೆ ಮನೆ ಕಟ್ಟುವುದು ಹೇಗೆ ಅಂತ ತೋರಿಸುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಕಟ್ಟಿದ್ದನ್ನು ಮಾರುವುದು ಹೇಗೆ ಅಂತ ಹೇಳುವವರು ಕಡಿಮೆ. ಆದರೆ ಮಾರುವ ದಿನ ಬಂದೇ ಬರುತ್ತದೆ. ಮಗು ಹುಟ್ಟುತ್ತದೆ, ಕೆಲಸ ಬೇರೆ ಊರಿಗೆ ಹೋಗುತ್ತದೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಪಾರ್ಕಿಂಗ್ ಬಗ್ಗೆ ಗೊಣಗಲು ಶುರು ಮಾಡುತ್ತಾರೆ, ಅಥವಾ ಓಮ್ನಿ ಸಾಕಾಗಿ ದೊಡ್ಡ ಟ್ರಾವೆಲರ್ ಮೇಲೆ ಕಣ್ಣು ಬೀಳುತ್ತದೆ.

ಇಂಥ ಗಾಡಿ ನೋಡಲು ಬರುವವರ ತಲೆಯಲ್ಲಿ ಮುಖ್ಯವಾಗಿ ಎರಡು ಭಯ ಇರುತ್ತವೆ. ಪ್ಲೈವುಡ್ ಹಿಂದೆ ಏನಿದೆಯೋ, ಆರ್‌ಸಿಯಲ್ಲಿ ಏನಿದೆಯೋ. ಇವೆರಡಕ್ಕೂ ಉತ್ತರ ಮೊದಲೇ ಸಿದ್ಧ ಮಾಡಿಟ್ಟವರ ಗಾಡಿ ಹೋಗುತ್ತದೆ. ಮಿಕ್ಕವರ ಗಾಡಿಯಲ್ಲಿ ಜನ ಬಂದು ಹಾಸಿಗೆ ಮೇಲೆ ಕೂತು, ಸೆಲ್ಫಿ ತಗೊಂಡು, "ಮನೇಲಿ ಕೇಳಿ ಹೇಳ್ತೀನಿ ಸರ್" ಅಂತ ಹೊರಟುಹೋಗುತ್ತಾರೆ.

ಮೊದಲು ಆರ್‌ಸಿ ತೆಗೆದು ನೋಡಿ

ಜಾಹೀರಾತು, ಫೋಟೊ ಎಲ್ಲ ಆಮೇಲೆ. ಆರ್‌ಸಿಯಲ್ಲಿ ನಾಲ್ಕು ವಿಷಯ ನೋಡಿ: ವಾಹನದ ವರ್ಗ, ಸೀಟುಗಳ ಸಂಖ್ಯೆ, ಖಾಲಿ ಗಾಡಿಯ ತೂಕ, ನೋಂದಣಿ ಮುಗಿಯುವ ದಿನ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನು ಪುಸ್ತಕದಲ್ಲಿರುತ್ತೆ ಬಿಡಿ ಅನ್ನುವವರು 2021ರ ಕಣ್ಣೂರಿನ ಪ್ರಕರಣ ನೆನಪಿಸಿಕೊಳ್ಳಬೇಕು. ಇ-ಬುಲ್ ಜೆಟ್ ಅನ್ನುವ ಯೂಟ್ಯೂಬ್ ಚಾನೆಲ್‌ನವರ ಟ್ರಾವೆಲರ್ ವ್ಯಾನನ್ನು ಮಾರ್ಪಾಡಿನ ಕಾರಣಕ್ಕೆ ಕೇರಳದ ಮೋಟಾರು ವಾಹನ ಇಲಾಖೆ ವಶಪಡಿಸಿಕೊಂಡಿತ್ತು. ನಿಮ್ಮ ಗಾಡಿ ನೋಡಲು ಬರುವವರಲ್ಲಿ ಆ ಸುದ್ದಿ ಓದಿದವರು ಇದ್ದೇ ಇರುತ್ತಾರೆ.

ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗವೇ ನಮ್ಮ ನೋಂದಣಿ ವ್ಯವಸ್ಥೆಯಲ್ಲಿದೆ. ನಿಮ್ಮ ಆರ್‌ಸಿಯಲ್ಲಿ ಅದು ದಾಖಲಾಗಿದ್ದರೆ ನೀವು ಪುಣ್ಯವಂತರು, ಜಾಹೀರಾತಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಬಹಳ ಜನರ ಗಾಡಿಯಲ್ಲಿ ಹಾಗಿರುವುದಿಲ್ಲ. ಆರ್‌ಸಿಯಲ್ಲಿ 13 ಸೀಟು ಅಂತಿರುತ್ತದೆ, ಒಳಗೆ ನೋಡಿದರೆ ಎರಡು ಸೀಟು, ಒಂದು ಮಂಚ, ಒಂದು ಸಿಂಕ್. ಹೀಗಿದ್ದರೆ ನಿಮ್ಮ ಆರ್‌ಟಿಓಗೆ ಹೋಗಿ ದಾಖಲು ಮಾಡಿಸಲು ಆಗುತ್ತದಾ ಅಂತ ಕೇಳಿ. ಆಗಲ್ಲ ಅಂದರೆ ಪೀಠೋಪಕರಣ ಬಿಚ್ಚಿ, ಹಳೆ ಸೀಟುಗಳನ್ನು ವಾಪಸ್ ಕೂರಿಸಿ, ವ್ಯಾನ್ ಬೇರೆ, ಒಳಗಿನ ಸಾಮಾನು ಬೇರೆ ಮಾರುವುದೇ ನೇರ ದಾರಿ. ಬೋಲ್ಟ್ ಹಾಕಿ ಕೂರಿಸಿದ ಮಂಚವನ್ನು ಒಂದು ದಿನದಲ್ಲಿ ತೆಗೆಯಬಹುದು. ಛಾವಣಿ ಕತ್ತರಿಸಿ ಎತ್ತರ ಮಾಡಿದ್ದರೆ, ಬಾಡಿ ಕೊರೆದು ಕಿಟಕಿ ಕೂರಿಸಿದ್ದರೆ ಆ ಮಾತು ಬೇರೆ. ಅದನ್ನು ಮುಚ್ಚಿಡಲು ಹೋಗಬೇಡಿ. ಹೇಗಿದ್ದರೂ ಅದು ಮೊದಲ ನೋಟಕ್ಕೇ ಕಾಣುತ್ತದೆ.

ಮೂಲ ಸೀಟುಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿದ್ದೀರಾ? ಅವೂ ಈಗ ಬೆಲೆಬಾಳುವ ಸಾಮಾನು, ಗಾಡಿ ಜೊತೆಗೆ ಕೊಡಿ.

ಇನ್ನೊಂದು ವಿಷಯ ಬೋರ್ಡ್. ಹಳದಿ ಬೋರ್ಡಿನ ಟಿಟಿ (ಟೆಂಪೊ ಟ್ರಾವೆಲರ್) ತಗೊಂಡು ಕ್ಯಾಂಪರ್ ಮಾಡಿ, ಬಿಳಿ ಬೋರ್ಡಿಗೆ ಬದಲಿಸದೇ ಬಿಟ್ಟಿದ್ದರೆ ಪರ್ಮಿಟ್, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಟ್ಯಾಕ್ಸ್ ಮೂರೂ ಕೊಳ್ಳುವವರ ತಲೆ ಮೇಲೆ ಬೀಳುತ್ತವೆ. ಅಷ್ಟೆಲ್ಲ ಗೊತ್ತಿರುವವರು ಚೌಕಾಸಿಯಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ. ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಇನ್ನೊಂದೇ ವರ್ಷ ಉಳಿದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.

ವೇಬ್ರಿಡ್ಜ್‌ಗೆ ಹೋಗಿ ಬನ್ನಿ

ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಮಾಡಿ ಅನ್ನುತ್ತಿದ್ದೇನೆ. ಎಪಿಎಂಸಿ ಯಾರ್ಡ್ ಹತ್ತಿರವೋ ಜಲ್ಲಿ ಕ್ರಷರ್ ಹತ್ತಿರವೋ ವೇಬ್ರಿಡ್ಜ್ ಸಿಗುತ್ತದೆ. ನೀರಿನ ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಒಳಗಿಟ್ಟು ತೂಕ ಮಾಡಿಸಿ, ಚೀಟಿ ಇಟ್ಟುಕೊಳ್ಳಿ. ಒಂದು ಲೀಟರ್ ನೀರು ಒಂದು ಕೆ.ಜಿ., ಹಾಗಾಗಿ 80 ಲೀಟರ್ ಟ್ಯಾಂಕ್ ಅಂದರೆ ಒಬ್ಬ ಆಳು ಜಾಸ್ತಿ ಕೂತ ಹಾಗೆ. 18 ಎಂ.ಎಂ. ಪ್ಲೈವುಡ್‌ನ ಎಂಟಡಿ-ನಾಲ್ಕಡಿ ಹಾಳೆ ಒಬ್ಬರೇ ಎತ್ತಲು ಕಷ್ಟಪಡುವಷ್ಟು ಭಾರ, ಅಂಥವನ್ನು ಎಷ್ಟು ಬಳಸಿದ್ದೀರಿ ಅಂತ ನಿಮಗೇ ಗೊತ್ತು. ತೂಕದ ಚೀಟಿ ತೋರಿಸಿ "ಗಾಡಿಯ ಒಟ್ಟು ತೂಕದ ಮಿತಿ ಇಷ್ಟು, ಈಗಿರುವುದು ಇಷ್ಟು, ಇನ್ನೂ ಇಷ್ಟು ಹಾಕಬಹುದು" ಅಂದರೆ, ಎದುರಿಗಿದ್ದವರಿಗೆ ನೀವು ಲೆಕ್ಕದ ಮನುಷ್ಯ ಅಂತ ಗೊತ್ತಾಗುತ್ತದೆ. ಚೀಟಿ ಮಿತಿ ದಾಟಿದರೆ ಮೊದಲು ಭಾರ ಇಳಿಸಿ, ಆಮೇಲೆ ಮಾರಿ.

ಹಾಗೆಯೇ ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಪೈಪಿನಲ್ಲಿ ನೀರು ಹೊಡೆಯಿರಿ. ಸೋರುವ ಜಾಗ ಸಾಮಾನ್ಯವಾಗಿ ಛಾವಣಿಗೆ ತೂತು ಕೊರೆದ ಕಡೆಯೇ ಇರುತ್ತದೆ: ಸೋಲಾರ್ ಪ್ಯಾನೆಲ್‌ನ ಕಾಲು, ಫ್ಯಾನ್, ಕ್ಯಾರಿಯರ್. ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಮಳೆಗಾಲ ಕಳೆದ ಗಾಡಿಯಾದರೆ ಹಾಸಿಗೆ ಕೆಳಗಿನ ತಗಡನ್ನು ಟಾರ್ಚ್ ಹಾಕಿ ನೋಡಿ. ತುಕ್ಕು ನಿಮಗೆ ಮೊದಲು ಕಾಣಬೇಕು, ಕೊಳ್ಳುವವರು ಕರೆತರುವ ಮೆಕ್ಯಾನಿಕ್‌ಗಲ್ಲ.

ಗ್ಯಾಸ್ ಸಿಲಿಂಡರ್ ಗಾಡಿ ಜೊತೆ ಕೊಡಬೇಡಿ. ಅದರ ಕನೆಕ್ಷನ್ ನಿಮ್ಮ ಹೆಸರಲ್ಲಿರುತ್ತದೆ.

ವೈರಿಂಗ್ ಕಡತ

ಬೆಲೆ ನಿಜವಾಗಿ ಏರುವುದು ಇಳಿಯುವುದು ಇಲ್ಲಿ. ಮರಗೆಲಸ ಯಾರಿಗಾದರೂ ಕಣ್ಣಿಗೆ ಕಾಣುತ್ತದೆ, ಚೆನ್ನಾಗಿದೆಯೋ ಇಲ್ಲವೋ ಅಂತ ಎರಡು ನಿಮಿಷದಲ್ಲಿ ಹೇಳಬಹುದು. ವೈರಿಂಗ್ ಹಾಗಲ್ಲ. ಪ್ಯಾನೆಲ್ ಮುಚ್ಚಿದ ಮೇಲೆ ಒಳಗೆ ಸರಿಯಾದ ಕೇಬಲ್ ಇದೆಯೋ, ಮನೆಯ ಫ್ಯಾನಿಗೆ ಎಳೆಯುವ ತೆಳು ವೈರ್ ಇದೆಯೋ ಯಾರಿಗೆ ಗೊತ್ತು? 12 ವೋಲ್ಟ್‌ನಲ್ಲಿ 1,000 ವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದರೆ 80 ಆಂಪಿಯರ್‌ಗೂ ಮೀರಿ ಕರೆಂಟ್ ಹರಿಯುತ್ತದೆ. ಅಷ್ಟಕ್ಕೆ ದಪ್ಪ ಕೇಬಲ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ಇಲ್ಲದಿದ್ದರೆ ಮಲಗಿದ ಜಾಗದ ಕೆಳಗೇ ಬೆಂಕಿ.

ಒಂದು ಫೈಲ್ ಮಾಡಿ. ಕಟ್ಟುವಾಗ ತೆಗೆದ ಫೋಟೊಗಳು, ಅದರಲ್ಲೂ ಪ್ಯಾನೆಲ್ ಮುಚ್ಚುವ ಮೊದಲಿನವು, ಅದರಲ್ಲಿ ಮೊದಲು ಬರಲಿ. ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ತಗೊಂಡ ಕೇಬಲ್, ಫ್ಯೂಸ್, ಚಾರ್ಜರ್‌ಗಳ ಬಿಲ್ ಸೇರಿಸಿ. ಬ್ಯಾಟರಿಯ ವಾರಂಟಿ ಕಾರ್ಡ್ ಸೇರಿಸಿ. ಆಮೇಲೆ ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬರೆಯಿರಿ: ಸೋಲಾರ್‌ನಿಂದ ಚಾರ್ಜರ್‌ಗೆ, ಅಲ್ಲಿಂದ ಬ್ಯಾಟರಿಗೆ, ಫ್ಯೂಸ್ ಇಲ್ಲಿ, ಮೇನ್ ಸ್ವಿಚ್ ಇಲ್ಲಿ. ಕೈಬರಹ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ಬಿಲ್ ಕಳೆದಿದ್ದರೆ ಒಂದು ಪ್ಯಾನೆಲ್ ಬಿಚ್ಚಿಯೇ ತೋರಿಸಿ. ಸ್ಕ್ರೂಡ್ರೈವರ್ ಕೊಟ್ಟು "ಎಲ್ಲಿ ಬೇಕಾದರೂ ಬಿಚ್ಚಿ ನೋಡಿ" ಅನ್ನುವವರ ಹತ್ತಿರ ಚೌಕಾಸಿ ಮಾಡುವುದು ಕಷ್ಟ.

ಬೆಲೆ ಎಷ್ಟು ಹೇಳಬೇಕು?

ಹಾಕಿದ ದುಡ್ಡು ಲೆಕ್ಕ ಹಾಕಿ ಬೆಲೆ ಇಡಬೇಡಿ. ಆ ಲೆಕ್ಕವನ್ನು ಮನೆಯವರು ಆಗಲೇ ಹಾಕಿರುತ್ತಾರೆ, "ಅಷ್ಟು ದುಡ್ಡಿಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಇನ್ನೋವಾನೇ ಬರ್ತಿತ್ತಲ್ಲ" ಅಂತ ಮಾವನೋ ಚಿಕ್ಕಪ್ಪನೋ ಹೇಳಿಯೂ ಇರುತ್ತಾರೆ.

ಬೆಲೆ ಮೂರು ಭಾಗ ಸೇರಿ ಆಗುತ್ತದೆ. ಅದೇ ವರ್ಷದ, ಅಷ್ಟೇ ಕಿಲೋಮೀಟರ್ ಓಡಿದ ಮಾಮೂಲಿ ವ್ಯಾನ್ ಓಎಲ್‌ಎಕ್ಸ್‌ನಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಎಷ್ಟಕ್ಕಿದೆ ನೋಡಿ, ಅದು ತಳಪಾಯ. ಅದರ ಮೇಲೆ, ಬಿಚ್ಚಿ ಬೇರೆ ಮಾರಬಹುದಾದ ಸಾಮಾನು: ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್, ಇನ್ವರ್ಟರ್, 12 ವೋಲ್ಟ್ ಫ್ರಿಜ್. ಇವುಗಳ ಇವತ್ತಿನ ಸೆಕೆಂಡ್ ಹ್ಯಾಂಡ್ ಬೆಲೆ ಸೇರಿಸಿ, ಬಿಲ್ಲಿನಲ್ಲಿರುವ ಬೆಲೆಯಲ್ಲ. ಮೂರನೆಯದು ಕೂಲಿ ಮತ್ತು ಮರಗೆಲಸ. ಇದಕ್ಕೆ ಸಿಗುವುದು ಬಹಳ ಕಡಿಮೆ, ಕೆಲವೊಮ್ಮೆ ಸೊನ್ನೆ. ಉದಾಹರಣೆಗೆ ಮಾಮೂಲಿ ವ್ಯಾನ್ 4 ಲಕ್ಷ, ಬಿಚ್ಚಬಹುದಾದ ಸಾಮಾನಿನ ಇವತ್ತಿನ ಬೆಲೆ 1 ಲಕ್ಷ, ಮರಗೆಲಸಕ್ಕೆ ನೀವು ಸುರಿದದ್ದು 2 ಲಕ್ಷ ಅಂತಿಟ್ಟುಕೊಳ್ಳಿ. ನಾನಾದರೆ ಐದೂವರೆಗೆ ಶುರು ಮಾಡಿ ಐದರ ಆಸುಪಾಸಿನಲ್ಲಿ ಕೈ ಕುಲುಕುತ್ತೇನೆ. ಏಳು ಲಕ್ಷ ಅಂತ ಬರೆದರೆ ಫೋನೇ ಬರಲ್ಲ.

ಹಳೆ ಕಾರು ಕೊಳ್ಳುವ ಆನ್‌ಲೈನ್ ಕಂಪನಿಗಳ ಹತ್ತಿರ ಹೋಗಿ ಪ್ರಯೋಜನ ಕಡಿಮೆ. ಅವರ ಲೆಕ್ಕ ಮಾಡೆಲ್, ವರ್ಷ, ಕಿಲೋಮೀಟರ್ ಮೇಲೆ ನಿಂತಿದೆ, ನಿಮ್ಮ ಅಡುಗೆಮನೆ ಅದರಲ್ಲಿ ಬರುವುದಿಲ್ಲ.

ಯಾವಾಗ, ಎಲ್ಲಿ, ಏನು ಬರೆಯಬೇಕು

ಆಷಾಢದಲ್ಲಿ ಜಾಹೀರಾತು ಹಾಕಬೇಡಿ. ನಂಬಿಕೆ ನಿಮಗಿಲ್ಲದಿದ್ದರೂ ಕೊಳ್ಳುವವರ ಅತ್ತೆಗೆ ಇರುತ್ತದೆ. ಮಳೆಯೂ ಜೋರಿರುತ್ತದೆ. ದಸರಾಗೆ ಒಂದು ತಿಂಗಳು ಮುಂಚೆ ಹಾಕಿದರೆ ಆಯುಧಪೂಜೆ ಹೊತ್ತಿಗೆ ಮನೆಗೆ ಗಾಡಿ ಬರಲಿ ಅನ್ನುವವರೂ, ಚಳಿಗಾಲದ ಪ್ರವಾಸಕ್ಕೆ ಹುಡುಕುತ್ತಿರುವವರೂ ಒಟ್ಟಿಗೆ ಸಿಗುತ್ತಾರೆ.

ಫೋಟೊಗಳಲ್ಲಿ ಸೂರ್ಯಾಸ್ತ, ಬೀಚು, ಕಾಫಿ ಲೋಟ ಒಂದು ಸಾಕು. ಉಳಿದವು ಹಗಲು ಬೆಳಕಿನಲ್ಲಿ ತೆಗೆದ ಸಾದಾ ಫೋಟೊಗಳಾಗಿರಲಿ: ನಾಲ್ಕೂ ಬದಿ, ಟೈರು, ಗಾಡಿಯ ಅಡಿಭಾಗ, ಬ್ಯಾಟರಿ ಪೆಟ್ಟಿಗೆ ತೆರೆದದ್ದು, ಹಾಸಿಗೆ ಮಡಚಿದ್ದು, ಬಿಚ್ಚಿದ್ದು. ತರಚಿದ ಜಾಗವೂ ಇರಲಿ. ಮಾತು ಹೀಗಿದ್ದರೆ ಸಾಕು: "2014ರ ಟ್ರಾವೆಲರ್, ಬಿಳಿ ಬೋರ್ಡ್, ಎರಡನೇ ಮಾಲೀಕ. ಇಬ್ಬರು ಮಲಗಬಹುದು, ಹಾಸಿಗೆ 6 ಅಡಿ 2 ಇಂಚು. ಒಳಗೆ ನಿಂತರೆ ತಲೆ ತಾಗುತ್ತದೆ. 100 ಎ.ಎಚ್. ಲಿಥಿಯಂ ಬ್ಯಾಟರಿ, ಬಿಲ್ ಇದೆ. ಟಾಯ್ಲೆಟ್ ಇಲ್ಲ. ಎ.ಸಿ. ಗಾಡಿ ಓಡುವಾಗ ಮಾತ್ರ." ಇಲ್ಲದ್ದನ್ನೂ ಬರೆದರೆ ಸುಮ್ನೆ ಬರುವ ಅರ್ಧ ಫೋನುಗಳು ನಿಲ್ಲುತ್ತವೆ. ಲೊಕೇಶನ್ ಹಾಕಿ, ಮನೆ ವಿಳಾಸ ಬೇಡ.

ಒಂದು ಎಚ್ಚರಿಕೆ. "ನಾನು ಆರ್ಮಿಯವನು, ಗಾಡಿ ನೋಡದೇ ತಗೋತೀನಿ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿದ್ರೆ ಅಡ್ವಾನ್ಸ್ ಬರುತ್ತೆ" ಅನ್ನುವ ಕರೆ ಬಂದರೆ ಫೋನ್ ಇಡಿ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ.

ನೋಡಲು ಬಂದಾಗ

ಇಂಜಿನ್ ಮೊದಲೇ ಬಿಸಿ ಮಾಡಿ ಇಡಬೇಡಿ, ತಣ್ಣಗಿನ ಇಂಜಿನ್ ಶುರುವಾಗುವುದನ್ನು ಅವರೇ ಕೇಳಲಿ. ಟೆಸ್ಟ್ ಡ್ರೈವ್‌ಗೆ ಮೊದಲು ಲೈಸೆನ್ಸ್ ಕೇಳಿ, ಪಕ್ಕದಲ್ಲಿ ನೀವೂ ಕೂರಿ. ಟಿಟಿಗೆ ಹೆವಿ ಲೈಸೆನ್ಸ್ ಬೇಕಾ ಅಂತ ಕೇಳುವವರಿಗೆ: ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು.

ಆಮೇಲೆ ಕರೆಂಟ್ ತೋರಿಸಿ. ಇಂಡಕ್ಷನ್ ಒಲೆ ಹಚ್ಚಿ ಟೀ ಮಾಡಿ. 12.8 ವೋಲ್ಟ್, 100 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ. 1,000 ವ್ಯಾಟ್ ಒಲೆ ಕಾಲು ಗಂಟೆ ಉರಿದರೆ ಇನ್ವರ್ಟರ್ ನಷ್ಟವೂ ಸೇರಿ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಖರ್ಚಾಗಬೇಕು. ಮೀಟರ್‌ನಲ್ಲಿ ಅಷ್ಟೇ ಇಳಿದರೆ ಬ್ಯಾಟರಿ ಗಟ್ಟಿಯಾಗಿದೆ ಅಂತ ಅವರ ಕಣ್ಣೆದುರೇ ಗೊತ್ತಾಗುತ್ತದೆ, ಟೀನೂ ಆಗುತ್ತದೆ.

ದುಡ್ಡು, ಕಾಗದ, ಕೀಲಿ

ಕೀಲಿ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯುವುದಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಗಾಡಿ ಕೈ ಬದಲಾಗಿ ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ಮೇಲೇ ಬಂತು. ಹಾಗಾಗಿ "ಟ್ರಾನ್ಸ್‌ಫರ್ ನಾನೇ ನಿಧಾನವಾಗಿ ಮಾಡಿಸ್ಕೋತೀನಿ" ಅನ್ನುವವರಿಗೆ ಖಾಲಿ ಫಾರಂಗೆ ಸಹಿ ಹಾಕಿ ಕೊಡಲೇಬೇಡಿ.

ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಒಂದೇ ರಾಜ್ಯದೊಳಗೆ ಮಾರಿದರೆ ನೀವು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಹೊರರಾಜ್ಯದವರಾದರೆ ಫಾರಂ 28ರಲ್ಲಿ ಎನ್‌ಓಸಿ ಪಡೆಯಬೇಕು, ಅಲ್ಲಿನ ರಸ್ತೆ ತೆರಿಗೆ ಅವರದು. ದೆಹಲಿಯವರು ಬಂದರೆ ಗಾಡಿಯ ವಯಸ್ಸು ನೋಡಿ: ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧವಿದೆ. ಸಾಲದಲ್ಲಿ ತಗೊಂಡಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಹಾಕಿ ಮೊದಲು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಡೀಲರ್‌ಗೆ ಮಾರುವುದಾದರೆ 2023ರ ಏಪ್ರಿಲ್‌ನಿಂದ ಹೊಸ ನಿಯಮವಿದೆ, ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ದಾಖಲು ಮಾಡಬೇಕು. ಬಾಕಿ ಟ್ರಾಫಿಕ್ ದಂಡ ಕಟ್ಟಿಬಿಡಿ, ಸರ್ಕಾರ ಮತ್ತೆ ಯಾವಾಗ 50 ಪರ್ಸೆಂಟ್ ರಿಯಾಯಿತಿ ಕೊಡುತ್ತೋ ಅಂತ ಕಾಯಬೇಡಿ. 2019ರ ಏಪ್ರಿಲ್‌ಗಿಂತ ಹಳೆ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರಬೇಕು.

ದುಡ್ಡು ಬ್ಯಾಂಕಿಗೇ ಬರಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ, ಆ ಗಂಟೆಯ ಆಚೆ ಕ್ಯಾಮೆರಾಕ್ಕೆ ಬಿದ್ದ ಸಿಗ್ನಲ್ ಜಂಪ್ ನಿಮ್ಮದಲ್ಲ ಅಂತ ತೋರಿಸಲು ಬೇಕಾಗುತ್ತದೆ. ಅದೇ ಹಾಳೆಯಲ್ಲಿ ಒಳಗಿನ ಸಾಮಾನಿನ ಪಟ್ಟಿ ಹಾಕಿ, "ಗಾಡಿಯಲ್ಲಿ ಆಗಿರುವ ಮಾರ್ಪಾಡು ನೋಡಿ, ತಿಳಿದು ಕೊಂಡಿದ್ದೇನೆ" ಅಂತ ಬರೆಸಿ ಸಹಿ ಹಾಕಿಸಿ. ಈ ಸಾಲು ಬರೆಸಿದ ಮಾತ್ರಕ್ಕೆ ಅನುಮತಿಯಿಲ್ಲದ ಮಾರ್ಪಾಡು ಕಾನೂನುಬದ್ಧವಾಗುವುದಿಲ್ಲ. ಆದರೆ ನಾಳೆ "ನಂಗೆ ಹೇಳ್ಲೇ ಇಲ್ಲ" ಅನ್ನುವ ಜಗಳ ಬರುವುದಿಲ್ಲ.

ಗಾಡಿ ಹೋದ ಸಂಜೆಯೇ ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ. ಎರಡು ವಾರ ಬಿಟ್ಟು ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಹೆಸರು ಬದಲಾಗಿದೆಯಾ ನೋಡಿ, ಆಗಿಲ್ಲದಿದ್ದರೆ ಫೋನ್ ಮಾಡಿ ಬೆನ್ನು ಹತ್ತಿ. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೂ 14 ದಿನವೇ ಇರುವುದು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ಮಾತ್ರ ನಿಮ್ಮದು, ಗಾಡಿ ಜೊತೆ ಹೋಗುವುದಿಲ್ಲ. ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ 3 ವರ್ಷದೊಳಗೆ ಮುಂದಿನ ಗಾಡಿಗೆ ಬಳಸಬಹುದು.