ಖೊಟ್ಟಿ (ನಕಲಿ) ಖರೇದಿ ಪತ್ರದ ಮೇಲೆ ದೂರು ಬರೆಯುವುದು ಹೇಗೆ?

ಬೀಳಗಿ ಕಡೆಯ ರೈತರೊಬ್ಬರು ಬಾಗಲಕೋಟೆಯ ನಮ್ಮ ಕಚೇರಿಗೆ ಏಳು ಪುಟದ ದೂರು ಹಿಡಿದುಕೊಂಡು ಬಂದಿದ್ದರು. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದು ಹಿಂದಕ್ಕೆ ಕಳಿಸಿದ್ದರು. ಓದಿದೆ. ಮೊದಲ ನಾಲ್ಕು ಪುಟಗಳ ತುಂಬ ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು), ಬಾವಿಯ ನೀರಿನ ಸರದಿ, ಬದುವಿನ ಬೇವಿನ ಮರ. ಐದನೆಯ ಪುಟದ ನಡುವೆ ಒಂದು ಸಾಲು: ‘ಪತ್ರದ ತಾರೀಖಿಗೆ ನಮ್ಮ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು.’ ಆ ಸಾಲು ಮೊದಲ ಪುಟದ ಮೇಲ್ಭಾಗದಲ್ಲಿ ಇದ್ದಿದ್ದರೆ ಅವರು ಆರು ತಿಂಗಳು ಅಲೆಯಬೇಕಾಗಿರಲಿಲ್ಲ. ಈ ತಪ್ಪನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಬರಹ.

ಹಂತ 1: ಕಾಗದ ಕೂಡಿಸಿ

ಉಪನೋಂದಣಿ ಕಚೇರಿಯಿಂದ ಖರೇದಿ ಪತ್ರದ ದೃಢೀಕೃತ ನಕಲು, ಋಣಭಾರ ಪತ್ರ (ಇ.ಸಿ.); ಕಂದಾಯ ಇಲಾಖೆಯಿಂದ ಉತಾರ (ಪಹಣಿ), ಹಕ್ಕು ಬದಲಾವಣೆಯ ನಕಲು. ಇಷ್ಟು ಸಾಕು. ‘ನಿಮ್ಮ ಹೆಸರಿನ ಪತ್ರವಲ್ಲ, ಕೊಡುವುದಿಲ್ಲ’ ಎಂದರೆ ಒಪ್ಪಬೇಡಿ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೆಯ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 1908ರ ನೋಂದಣಿ ಕಾಯ್ದೆಯೇ ಹಾಗೆ ಹೇಳುತ್ತದೆ.

ಅಸಲು ಕಾಗದವೇನಾದರೂ ನಿಮ್ಮ ಕೈಯಲ್ಲಿದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಕಚೇರಿಗಳ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ‘ಹಾಳಾಗುವುದಿಲ್ಲ ಬಿಡಿ’ ಎಂದು ಹಾಕಿಕೊಡುವ ಆ ಪ್ಲಾಸ್ಟಿಕ್ಕೇ ಕಾಗದವನ್ನು ಹಾಳುಮಾಡುತ್ತದೆ. ಶಾಯಿಯನ್ನೂ ಪೆನ್ನು ಒತ್ತಿದ ಗುರುತನ್ನೂ ತಜ್ಞರು ಪರೀಕ್ಷಿಸುವುದು ಬಲು ಕಷ್ಟವಾಗುತ್ತದೆ. ಪಿನ್ನು ಚುಚ್ಚಬೇಡಿ, ಸಹಿಯ ಸುತ್ತ ಕೆಂಪು ಗೆರೆ ಎಳೆಯಬೇಡಿ. ಮಡಚದೆ ಲಕೋಟೆಯಲ್ಲಿಡಿ.

ಹಂತ 2: ತಾರೀಖು ನೋಡಿ

2024ರ ಜುಲೈ 1ಕ್ಕೂ ಮೊದಲು ನಡೆದದ್ದಕ್ಕೆ ಹಳೆಯ ದಂಡ ಸಂಹಿತೆಯ (ಐಪಿಸಿ) 420, 467, 468, 471ನೆಯ ಕಲಂಗಳು. ಅಂದಿನಿಂದ ಈಚಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318, 336, 338, 340ನೆಯ ಕಲಂಗಳು. ಪತ್ರ ಹುಟ್ಟಿದ್ದು 2022ರಲ್ಲಿ, ಅದನ್ನು ತಹಶೀಲ್ದಾರರ ಮುಂದೆ ಇಟ್ಟದ್ದು 2025ರಲ್ಲಿ ಎಂದಾದರೆ ಎರಡೂ ತಾರೀಖುಗಳನ್ನು ಬರೆಯಿರಿ. ಖೊಟ್ಟಿ ಎಂದು ಗೊತ್ತಿದ್ದೂ ಅಸಲೆಂದು ಬಳಸುವುದು ಬೇರೆಯೇ ಅಪರಾಧ.

ಹಂತ 3: ದೂರು ಬರೆಯಿರಿ

ಜನ ಎಡವುವುದು ಇಲ್ಲಿಯೇ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಪತ್ರ ಬರೆದುಕೊಟ್ಟವನು ಯಾರೆಂದು ಹೇಳಿಕೊಂಡ?

ನಿಮ್ಮ ದಾಯಾದಿ ತನ್ನದೇ ಹೆಸರು, ತನ್ನದೇ ಸಹಿ ಹಾಕಿ ‘ಈ ಹೊಲ ನನ್ನದು’ ಎಂದು ನಿಮ್ಮ ಹೊಲ ಮಾರಿದ್ದರೆ ಅದು ಸುಳ್ಳು ಹೌದು, ಆದರೆ ಕಾನೂನಿನ ಕಣ್ಣಿನಲ್ಲಿ ಖೊಟ್ಟಿ ದಸ್ತಾವೇಜು ಅಲ್ಲ. ಬಿಹಾರದ ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಮೋಸಹೋದವನು ದುಡ್ಡು ಎಣಿಸಿಕೊಟ್ಟ ಖರೀದಿದಾರ. ವಂಚನೆಯ ದೂರು ಅವನದು. ನಿಮ್ಮ ದಾರಿ ಮುಖ್ಯವಾಗಿ ಸಿವಿಲ್ ದಾವೆ.

ಆದರೆ ಪತ್ರ ಬರೆದುಕೊಟ್ಟವನು ನಿಮ್ಮ ತಂದೆಯೇ ತಾನೆಂದು ಕುಳಿತು ಹೆಬ್ಬೆಟ್ಟು ಒತ್ತಿದ್ದರೆ, ಇಲ್ಲವೇ ನಿಮ್ಮ ಸಹಿಯನ್ನು ತಾನೇ ಹಾಕಿದ್ದರೆ, ಅದು ಶುದ್ಧ ಖೊಟ್ಟಿ. ಖರೇದಿ ಪತ್ರದಂಥ ಬೆಲೆಯುಳ್ಳ ದಸ್ತಾವೇಜನ್ನು ಖೊಟ್ಟಿ ಮಾಡಿದರೆ ಜೀವಾವಧಿಯವರೆಗೂ ಶಿಕ್ಷೆಯಿದೆ. ಬೀಳಗಿಯವರ ಪ್ರಕರಣ ಈ ಎರಡನೆಯ ಬಗೆಯದು. ನಕಲಿನಲ್ಲಿ ತಂದೆಯ ಹೆಸರಿನ ಎದುರಿಗಿದ್ದ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ‘ನಮ್ಮಪ್ಪ ಜೀವಮಾನದಲ್ಲಿ ಪಟಗಾ (ರುಮಾಲು) ಇಲ್ಲದೆ ಹೊರಗೆ ಬಂದವರಲ್ಲ, ಇವನು ಬರಿದಲೆಯಲ್ಲಿ ಕುಳಿತಿದ್ದಾನೆ’ ಎಂದರು.

ನಾವು ಹೊಸದಾಗಿ ಬರೆದ ದೂರಿನ ಮೊದಲ ಸಾಲುಗಳು ಹೀಗಿದ್ದವು: ‘ಇಂಥ ತಾರೀಖಿನ, ಇಂಥ ಸಂಖ್ಯೆಯ ಖರೇದಿ ಪತ್ರದಲ್ಲಿರುವ ಫೋಟೊ ಮತ್ತು ಹೆಬ್ಬೆಟ್ಟು ನನ್ನ ತಂದೆಯವಲ್ಲ. ಅವರು ಅದಕ್ಕೂ ಎರಡು ವರ್ಷ ಮೊದಲೇ ತೀರಿಕೊಂಡಿದ್ದಾರೆ. ಮರಣ ಪ್ರಮಾಣಪತ್ರ ಲಗತ್ತಿಸಿದೆ.’ ಅದರ ಕೆಳಗೆ ಸಾಕ್ಷಿಗಳಾಗಿ, ಗುರುತಿಸಿದವರಾಗಿ ಸಹಿ ಮಾಡಿದವರ ಹೆಸರು. ಆಮೇಲೆ ತಂದೆಯ ನಿಜವಾದ ಹೆಬ್ಬೆಟ್ಟು ಎಲ್ಲೆಲ್ಲಿ ಸಿಗುತ್ತದೆ ಎಂಬುದು: ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಸಾಲದ ಕಾಗದ, ಬ್ಯಾಂಕಿನ ಹಳೆಯ ಅರ್ಜಿ. ಹೋಲಿಸಲು ಮಾದರಿ ಇಲ್ಲದಿದ್ದರೆ ತಜ್ಞರಾದರೂ ಏನು ಮಾಡಿಯಾರು? ಏಳು ಪುಟ ಒಂದೂವರೆಗೆ ಇಳಿಯಿತು.

ಟೈಪಿಂಗ್ ಅಂಗಡಿಯ ಸಿದ್ಧ ಮಾದರಿಯನ್ನು ಮುಟ್ಟಲೇಬೇಡಿ. ಅದರಲ್ಲಿ ವಂಚನೆ, ನಂಬಿಕೆ ದ್ರೋಹ, ಜೀವ ಬೆದರಿಕೆ ಎಲ್ಲವೂ ಮೊದಲೇ ತುಂಬಿರುತ್ತದೆ. ನಡೆಯದ ಬೆದರಿಕೆಯನ್ನು ಸೇರಿಸಿದಿರೋ, ನಡೆದ ಮೋಸವನ್ನೂ ಯಾರೂ ನಂಬುವುದಿಲ್ಲ. ಕೈಸಾಲ, ಮುಂಗಡದ ಪ್ರಕರಣವಾದರೆ ಇನ್ನೊಂದು ಎಚ್ಚರ: ಕೊಟ್ಟ ಮಾತು ತಪ್ಪಿದ್ದಷ್ಟೇ ವಂಚನೆಯಾಗುವುದಿಲ್ಲ. ದುಡ್ಡು ಇಸಿದುಕೊಳ್ಳುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸುವ ಸಂಗತಿ ದೂರಿನಲ್ಲಿರಬೇಕು.

ಹಂತ 4: ಕೊಡಿ, ಸ್ವೀಕೃತಿ ಪಡೆಯಿರಿ

ಯಾವ ಠಾಣೆಯಲ್ಲಿ ಕೊಟ್ಟರೂ ನಡೆಯುತ್ತದೆ. ವ್ಯಾಪ್ತಿ ನಮ್ಮದಲ್ಲ ಎನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ನಿರಾಕರಿಸಿದರೆ ದೂರಿನ ಸಾರವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲಿಯೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾಯ್ದೆ) 175(3)ರಡಿ ಅಫಿಡವಿಟ್ಟಿನೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಂಚೆಯ ರಸೀದಿ ಇಲ್ಲದೆ ಹೋದರೆ ಈ ಅರ್ಜಿ ನಿಲ್ಲುವುದು ಕಷ್ಟ.

ಎಫ್‌ಐಆರ್ ಆಯಿತೆಂದು ಮನೆಗೆ ಹೋಗಿ ಕೂರಬೇಡಿ. ಅದರಿಂದ ಖರೇದಿ ಪತ್ರ ರದ್ದಾಗುವುದಿಲ್ಲ, ಉತಾರದ ಹೆಸರೂ ಬದಲಾಗುವುದಿಲ್ಲ. ತಹಶೀಲ್ದಾರರಲ್ಲಿ ತಕರಾರು ಅರ್ಜಿಯನ್ನು ಅದೇ ವಾರ ಕೊಡಿ. ಪತ್ರ ರದ್ದತಿಯ ಸಿವಿಲ್ ದಾವೆಗೆ, ಮೋಸ ನಿಮಗೆ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ. ಬೀಳಗಿಯವರು ನಮ್ಮಲ್ಲಿಗೆ ಬರುವಾಗ ಅದರಲ್ಲಿ ಉಳಿದಿದ್ದದ್ದು ಹನ್ನೊಂದು ದಿನ.